ಫ್ಲಾಪಿಯೊಳಗಿನ ಶಾಸನಪಾಠ: ಹಳೆಯ ವರ್ಡ್ ಫೈಲುಗಳನ್ನು ಓದಿದ ಬಗೆ

ಕಲ್ಲು ಹಾಳಾಗಿದ್ದರೆ ಪಡಿಯಚ್ಚು ನೋಡುತ್ತೇವೆ. ಪಡಿಯಚ್ಚೂ ಇಲ್ಲದಿದ್ದರೆ ಹಿಂದೆ ಯಾರೋ ಓದಿ ಬರೆದಿಟ್ಟ ಪಾಠವೇ ಗತಿ. ರೈಸ್ ಅವರ ಕಾಲದಲ್ಲಿ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಅಚ್ಚಾದ ಎಷ್ಟೋ ಶಾಸನಗಳ ಕಲ್ಲು ಇವತ್ತು ಜಾಗದಲ್ಲಿಲ್ಲ, ಪುಸ್ತಕದ ಪಾಠ ಮಾತ್ರ ಇದೆ. ಪುಸ್ತಕವಾದರೆ ತೆರೆದು ಓದಬಹುದು. ಅದೇ ಪಾಠ ಫ್ಲಾಪಿಯಲ್ಲಿದ್ದು, ಬರೆದ ತಂತ್ರಾಂಶ ನಮ್ಮ ಹತ್ತಿರ ಇಲ್ಲದಿದ್ದರೆ ಏನು ಮಾಡೋದು? ಇಂಥದ್ದೊಂದು ಕೆಲಸ ನನ್ನ ಕೈಗೆ ಬಂತು. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಸೇರಿಸಿ ಇಲ್ಲಿ ಬರೀತಿದ್ದೇನೆ.

ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ರಜೆ ಸಿಕ್ಕಾಗಲೆಲ್ಲ ಸ್ಕೂಟರ್ ಹತ್ತಿ ಊರೂರು ಸುತ್ತಿ ಶಾಸನ ಓದುತ್ತಿದ್ದರು. ಅವರ ಹೆಸರು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಅವರು ತೀರಿಕೊಂಡ ಮೇಲೆ ಅವರ ಮಗಳು ಬಿಸ್ಕತ್ತಿನ ಡಬ್ಬಿಯಲ್ಲಿ 14 ಫ್ಲಾಪಿ ತಂದುಕೊಟ್ಟರು. "ಸರ್, ಅಪ್ಪಾಜಿ ಟೈಪ್ ಮಾಡಿಟ್ಟಿದ್ದೆಲ್ಲ ಇದರಲ್ಲೇ ಇದೆ. ಕಂಪ್ಯೂಟರ್ ಅಂಗಡಿಯಲ್ಲಿ ತೋರಿಸಿದ್ರೆ ಏನೂ ಬರಲ್ಲ ಅಂದ್ರು. ಬಿಸಾಡೋಕೆ ಮನಸ್ಸು ಬರ್ತಿಲ್ಲ." ಇದರಲ್ಲಿ ನನಗೆ ಮುಖ್ಯವಾಗಿ ಬೇಕಿದ್ದದ್ದು ಒಂದೇ ಒಂದು ಪಾಠ. ಕೆರೆಯ ಏರಿ ಮೇಲಿದ್ದ 9 ಸಾಲಿನ ಒಂದು ದಾನಶಾಸನ. ಮುದ್ರಿತ ಸಂಪುಟಗಳಲ್ಲಿ ಇಲ್ಲದ್ದು. ಏರಿ ದುರಸ್ತಿ ಆದಾಗ ಆ ಕಲ್ಲು ಕಟ್ಟಡದ ಕಲ್ಲುಗಳ ಜೊತೆ ಮುಖ ಒಳಗಾಗಿ ಸೇರಿಹೋಗಿದೆ. ಉಳಿದಿರುವ ಒಂದು ಮಸುಕು ಫೋಟೋದಲ್ಲಿ ಮೊದಲ ಮೂರು ಸಾಲು ಕಾಣತ್ತೆ, ಅಷ್ಟೆ.

ಮೊದಲ ಕೆಲಸ ಓದುವುದಲ್ಲ, ಪಡಿಯಚ್ಚು ತೆಗೆಯುವುದು. ಫ್ಲಾಪಿಯ ಮೂಲೆಯಲ್ಲಿರುವ ಸಣ್ಣ ಪ್ಲಾಸ್ಟಿಕ್ ಗುಂಡಿಯನ್ನು ಸರಿಸಿ ಕಿಂಡಿ ತೆರೆದರೆ ಅದರ ಮೇಲೆ ಯಾರೂ ಬರೆಯೋಕಾಗಲ್ಲ. ಆಮೇಲೆ ಯುಎಸ್‌ಬಿ ಫ್ಲಾಪಿ ಡ್ರೈವಿಗೆ ಹಾಕಿ, ಫೈಲುಗಳನ್ನು ಒಂದೊಂದಾಗಿ ನಕಲು ಮಾಡದೆ ಇಡೀ ಫ್ಲಾಪಿಯನ್ನೇ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಒಂದು ಬಿಂಬವಾಗಿ ತೆಗೀಬೇಕು. 1.44 ಎಂಬಿ ಫ್ಲಾಪಿ ಅಂದರೆ 512 ಬೈಟಿನ 2,880 ಸೆಕ್ಟರುಗಳು, ಒಟ್ಟು 14,74,560 ಬೈಟು. ನಾನು ಡಿಡಿ‌ರೆಸ್ಕ್ಯೂ ಬಳಸಿದೆ. ಅದು ಓದೋಕಾಗದ ಸೆಕ್ಟರನ್ನು ಬಿಟ್ಟು ಮುಂದೆ ಹೋಗಿ, ಉಳಿದದ್ದನ್ನೆಲ್ಲ ತಗೊಂಡು, ಕೊನೆಗೆ ಮತ್ತೆ ಬಂದು ಪ್ರಯತ್ನಿಸತ್ತೆ. ಹಾಳಾದ ಫ್ಲಾಪಿಯನ್ನು ಪದೇ ಪದೇ ತಿರುಗಿಸಿದರೆ ಇರುವ ಲೇಪವೂ ಉದುರುತ್ತೆ, ಆದ್ದರಿಂದ ಈ ಕ್ರಮ. 14ರಲ್ಲಿ 9 ಚೊಕ್ಕಟವಾಗಿ ಬಂದವು, 4ರಲ್ಲಿ ಕೆಲವು ಸೆಕ್ಟರ್ ಹೋಗಿತ್ತು, ಒಂದಕ್ಕೆ ಬೂಷ್ಟು ಹಿಡಿದು ಏನೂ ಬರಲಿಲ್ಲ. ನನಗೆ ಬೇಕಾದ ಪಾಠ ಆ 4ರಲ್ಲೊಂದರಲ್ಲಿ ಇತ್ತು.

ಬಿಂಬ ತೆಗೆದ ಮೇಲೆ ಫೈಲಿನ ತಾರೀಖು ನೋಡಿ ಬರೆದಿಟ್ಟುಕೊಳ್ಳಿ. ಆದರೆ ಪೂರ್ತಿ ನಂಬಬೇಡಿ. ಹಳೆಯ ಯಂತ್ರಗಳಲ್ಲಿ ಬ್ಯಾಟರಿ ಸತ್ತರೆ ಗಡಿಯಾರ 1-1-1980ಕ್ಕೆ ಹೋಗುತ್ತಿತ್ತು. ಈ ಡಬ್ಬಿಯಲ್ಲೂ ಅಂಥ ಫೈಲು ಮೂರಿದ್ದವು. ಶಕವರ್ಷವೂ ಸಂವತ್ಸರವೂ ಹೊಂದದ ಶಾಸನ ನೋಡಿದ ಹಾಗಾಯಿತು.

ಇನ್ನು ಫೈಲುಗಳು. ಹೆಸರಿನ ಬಾಲ ನೋಡಿ ನಿರ್ಧರಿಸಬೇಡಿ, ಒಳಗಿನ ಮೊದಲ ಬೈಟುಗಳನ್ನು ನೋಡಿ. ಇದಕ್ಕೆ ಹೆಕ್ಸ್ ವ್ಯೂವರ್ ಸಾಕು, ಉಚಿತವಾದವು ಬೇಕಾದಷ್ಟಿವೆ. ವರ್ಡ್ 97ರಿಂದ 2003ರವರೆಗಿನ ಫೈಲುಗಳ ಮೊದಲ ನಾಲ್ಕು ಬೈಟನ್ನು ಹೆಕ್ಸ್‌ನಲ್ಲಿ ಓದಿದರೆ ಡಿ0, ಸಿಎಫ್, 11, ಇ0 ಎಂದು ಬರುತ್ತೆ. 11ನ್ನು ಐ, ಎಲ್ ಎಂದೂ ಸೊನ್ನೆಯನ್ನು ಓ ಎಂದೂ ಓದಿಕೊಂಡರೆ "ಡಾಕ್‌ಫೈಲ್" ಆಗತ್ತೆ. ಮಾಡಿದವರ ತಮಾಷೆ. ಅವರೂ ಒಂಥರ ಕವಿಗಳೇ.

ವರ್ಡ್‌ಸ್ಟಾರ್ ಫೈಲಿಗೆ ಇಂಥ ಮೊಹರು ಸಾಮಾನ್ಯವಾಗಿ ಇರಲ್ಲ, ಆದರೂ ನೋಡಿದ ತಕ್ಷಣ ಗೊತ್ತಾಗತ್ತೆ. ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ವಿಚಿತ್ರ ಚಿಹ್ನೆಯಾಗಿ ಕಾಣತ್ತೆ. ಸಾಲನ್ನು ಹಿಗ್ಗಿಸಿ ಎರಡೂ ಅಂಚು ಸಮ ಮಾಡುವುದಕ್ಕಾಗಿ ಅದು ಪದದ ಕೊನೆಯ ಅಕ್ಷರಕ್ಕೆ 128 ಸೇರಿಸಿ ಇಡುತ್ತಿತ್ತು. 127 ಮೀರಿದ ಬೈಟುಗಳಿಂದ 128 ಕಳೆದರೆ ಇಂಗ್ಲಿಷ್ ಪಠ್ಯ ಸಲೀಸಾಗಿ ಬಂದುಬಿಡತ್ತೆ. 13, 10 ಎಂಬ ಜೋಡಿ ಬರೆದವರು ತಾವೇ ಮುರಿದ ಸಾಲು. 141, 10 ಇದ್ದರೆ ತಂತ್ರಾಂಶ ಮುರಿದ ಸಾಲು. ಈ ವ್ಯತ್ಯಾಸವನ್ನು ಉಳಿಸಿಕೊಳ್ಳಿ, ಶಾಸನಪಾಠದಲ್ಲಿ ಸಾಲು ಎಲ್ಲಿ ಮುರಿಯತ್ತೆ ಅನ್ನೋದು ಮುಖ್ಯ. ಅಡಿಗೆರೆ ಶುರುವಾಗುವ ಕಡೆ 19, ಮುಗಿಯುವ ಕಡೆ ಮತ್ತೆ 19. ದಪ್ಪಕ್ಷರಕ್ಕೆ 2. ಫೈಲಿನ ಬಾಲದಲ್ಲಿ ಸಾಲಾಗಿ 26 ಬಂದರೆ ಅದು ಬರೀ ತುಂಬು.

ಒಂದು ಎಚ್ಚರಿಕೆ. 128 ಕಳೆಯುವ ಮುಂಚೆ ಅದು ನಿಜವಾಗಿ ಇಂಗ್ಲಿಷೇ ಅಂತ ಖಾತ್ರಿ ಮಾಡಿಕೊಳ್ಳಿ. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿದ ಯಂತ್ರಗಳಲ್ಲಿ ಕನ್ನಡವನ್ನೂ ಡಾಸ್ ತಂತ್ರಾಂಶಗಳಲ್ಲಿ ಬರೆಯಬಹುದಿತ್ತು. ಅಲ್ಲಿ ಅಕ್ಷರಗಳು ಇಸ್ಕಿ ಸಂಕೇತದಲ್ಲಿ 160ರ ಮೇಲಿರುತ್ತವೆ. ಇಸ್ಕಿಯಲ್ಲಿ ಕ ಅಂದರೆ 179. ಅದರಿಂದ 128 ಕಳೆದರೆ 51, ಅಂದರೆ ಇಂಗ್ಲಿಷಿನ 3 ಎಂಬ ಅಂಕಿ. ಕನ್ನಡವೆಲ್ಲ ಅಂಕಿ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಬಿದ್ದಿರತ್ತೆ, ಮತ್ತೆ ಕೂಡಿಸಿದರೂ ಮೊದಲಿನ ಸ್ಥಿತಿಗೆ ಬರಲ್ಲ, ಯಾಕೆಂದರೆ ನಿಜವಾದ 3 ಯಾವುದು, ಕ ಯಾವುದು ಅಂತ ಹೇಳೋರಿಲ್ಲ. ಆದ್ದರಿಂದಲೇ ಏನು ಮಾಡಿದರೂ ನಕಲಿನ ಮೇಲೆ ಮಾಡಿ.

ಈ ಡಬ್ಬಿಯಲ್ಲಿದ್ದ ವರ್ಡ್‌ಸ್ಟಾರ್ ಫೈಲುಗಳೆಲ್ಲ ಇಂಗ್ಲಿಷ್ ಲಿಪಿಯಲ್ಲಿ ಬರೆದ ಟಿಪ್ಪಣಿಗಳು. ಹತ್ತು ನಿಮಿಷದ ಪೈಥಾನ್ ಕೆಲಸ. ಅದರಲ್ಲಿ ಒಂದು ಪುಟದ್ದೊಂದು ಫೈಲಿತ್ತು, ಅವರು ಬಳಸುವ ಗುರುತುಗಳ ವಿವರ. ಅಡಿಗೆರೆ ಎಳೆದ ಅಕ್ಷರ ಅನುಮಾನದ್ದು. ಎರಡು ಚುಕ್ಕಿ ಅಂದರೆ ಒಂದು ಅಕ್ಷರ ಪೂರ್ತಿ ಹೋಗಿದೆ. ದಪ್ಪ ಎಲ್ ಅಂದರೆ ೞ, ದಪ್ಪ ಆರ್ ಅಂದರೆ ಱ. ನಾನು ಓದಿ, ಸರಿ, ಅಂತ ಪಕ್ಕಕ್ಕಿಟ್ಟೆ. ಇದನ್ನು ಮೊದಲು ಮನಸ್ಸಿಗೆ ತಗೊಳ್ಳಬೇಕಿತ್ತು.

ಈಗ ವರ್ಡ್ ಫೈಲು. ನಿಮ್ಮ ಫೈಲಿಗೆ ಪೆಟ್ಟಾಗಿಲ್ಲದಿದ್ದರೆ ಯಾವ ಸಾಹಸವೂ ಬೇಡ. ಲಿಬ್ರೆಆಫೀಸ್ ಅದನ್ನು ಅಡಿಗೆರೆ, ದಪ್ಪಕ್ಷರ ಎಲ್ಲ ಸಮೇತ ತೆರೆಯತ್ತೆ. ಮೈಕ್ರೋಸಾಫ್ಟ್ 2008ರಲ್ಲಿ ಈ ಫೈಲುಗಳ ಒಳರಚನೆಯ ವಿವರವನ್ನು ಪ್ರಕಟಿಸಿದೆ, ಹಾಗಾಗಿ ಇವತ್ತು ಇದು ಗುಟ್ಟೇನಲ್ಲ. ನನ್ನ ಫೈಲಿನಲ್ಲಿ ಹಾಳಾದ ಸೆಕ್ಟರ್ ಬಿದ್ದಿದ್ದು ಒಳಗಿನ ವಿಷಯಸೂಚಿಯ ಮೇಲೆ. ವರ್ಡ್ ಫೈಲು ನಿಜಕ್ಕೂ ಒಂದು ಫೈಲಲ್ಲ, ಹಲವು ಸಣ್ಣ ಫೈಲುಗಳ ಗಂಟು. ಯಾವುದು ಎಲ್ಲಿದೆ ಎಂಬ ಸೂಚಿ ಹೋದರೆ ಲಿಬ್ರೆಆಫೀಸ್ ಕೈ ಎತ್ತಿಬಿಡತ್ತೆ.

ನಾನೂ ಸುಲಭದ ದಾರಿ ಹಿಡಿದೆ. ಫೈಲಿನಲ್ಲಿ ಓದಲು ಬರುವಂಥ ಬೈಟುಗಳು ಎಲ್ಲೆಲ್ಲಿ ಸಾಲಾಗಿವೆಯೋ ಅವನ್ನೆಲ್ಲ ಹೆಕ್ಕಿ ತರುವ ವಿಧಾನ ಒಂದಿದೆ. ಲಿನಕ್ಸ್ ಬಳಸುವವರಿಗೆ ಸ್ಟ್ರಿಂಗ್ಸ್ ಎಂಬ ಆದೇಶ ಗೊತ್ತಿರತ್ತೆ. ಸತತವಾಗಿ 4 ಅಕ್ಷರ ಇಲ್ಲದ ತುಂಡನ್ನು ಅದು ಕಸ ಅಂತ ಬಿಟ್ಟುಬಿಡತ್ತೆ. ನನ್ನ ಪ್ರೋಗ್ರಾಮಿನಲ್ಲೂ ಅದೇ ಲೆಕ್ಕ ಇಟ್ಟುಕೊಂಡೆ.

ಬಂದದ್ದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಹಾಕಿದ ಎ, ಇಂಥವು. ಯೂನಿಕೋಡ್ ಬರುವ ಮುಂಚಿನ ಸರ್ಕಾರಿ ಆದೇಶಗಳನ್ನು ಫಾಂಟಿಲ್ಲದ ಯಂತ್ರದಲ್ಲಿ ತೆರೆದವರಿಗೆಲ್ಲ ಈ ಮುಖ ಪರಿಚಯ. ಫೈಲಿನೊಳಗೆ ಫಾಂಟುಗಳ ಹೆಸರಿನ ಪಟ್ಟಿಯೂ ಇರುತ್ತೆ, ಅದರಲ್ಲಿ ನುಡಿ ಸಿಕ್ಕಿತು. ಇಂಥ ಫಾಂಟುಗಳಲ್ಲಿ ಸಂಕೇತ ಇರುವುದು ಅಕ್ಷರಕ್ಕಲ್ಲ, ಅಕ್ಷರದ ಆಕಾರದ ತುಂಡಿಗೆ. ನುಡಿಯಲ್ಲಿ ಕ ಬರೆಯೋಕೆ ಎರಡು ಸಂಕೇತ: ಕಕಾರದ ಒಡಲು 80, ತಲೆಕಟ್ಟು 192. ಮ ಬರೆಯೋಕೆ ಮೂರು: 170, 192, 196. ಅದರಲ್ಲಿ ಮೊದಲ ಎರಡನ್ನಷ್ಟೇ ತಗೊಂಡರೆ ವ ಆಗತ್ತೆ. ಯ ಬರೆಯೋಕೆ ನಾಲ್ಕು: 65, 105, 192, 196. ಅದೇ 65 ಒಂಟಿಯಾಗಿ ಬಂದರೆ ಸೊನ್ನೆ, ಅಂದರೆ ಅನುಸ್ವಾರ. ಆದ್ದರಿಂದ ಬದಲಾಯಿಸುವಾಗ ಉದ್ದನೆಯ ಸರಣಿಯನ್ನು ಮೊದಲು ಹುಡುಕಬೇಕು, ಚಿಕ್ಕದನ್ನು ಆಮೇಲೆ. ಇಲ್ಲದಿದ್ದರೆ ಮಕಾರವೆಲ್ಲ ವಕಾರ ಆಗಿ ಕೂತಿರತ್ತೆ.

ಅರ್ಕಾವತ್ತು ಇನ್ನೊಂದು ತಲೆನೋವು. ಕರ್ನಾಟಕ ಎಂಬ ಪದ ನುಡಿಯಲ್ಲಿ 80, 192, 163, 193, 240, 108, 80, 192. ಇಲ್ಲಿ 163, 193 ಸೇರಿ ನಾ, ಅದರ ಆಚೆ ಇರುವ 240 ಅರ್ಕಾವತ್ತು. ಕಣ್ಣಿಗೆ ಕಾಣುವ ಕ್ರಮದಲ್ಲಿ ಅದು ಹಿಂದೆ ಬರತ್ತೆ, ಉಚ್ಚಾರದಲ್ಲಿ ಮುಂದೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯತ್ತೆ, ಹಾಗಾಗಿ ಆ ರಕಾರವನ್ನು ಎತ್ತಿ ಇಡೀ ಸಂಯುಕ್ತಾಕ್ಷರದ ಮುಂದೆ ಇಡಬೇಕು. ಹೊಸಗನ್ನಡದಲ್ಲಿ ಇದು ಅಷ್ಟು ಕಷ್ಟವಲ್ಲ. ಶಾಸನಗಳಲ್ಲಿ ಧರ್ಮ್ಮ, ಸರ್ವ್ವ ಅಂತ ರಕಾರದ ಮುಂದಿನ ವ್ಯಂಜನ ದ್ವಿತ್ವವಾಗಿ ಬರೋದೇ ಹೆಚ್ಚು. ಅಂತರ್ಜಾಲದಲ್ಲಿ ಸಿಗುವ ಪರಿವರ್ತಕಕ್ಕೆ ಶಾಸನಪಾಠ ಹಾಕುವ ಮುಂಚೆ ಇಂಥ ನಾಲ್ಕು ಪದ ಹಾಕಿ ನೋಡಿ.

ಇಷ್ಟೆಲ್ಲ ಮಾಡಿ ಪಾಠ ಹೊರಗೆ ಬಂದಾಗ ರಾತ್ರಿ ಎರಡು ಗಂಟೆ. ಏಳನೆಯ ಸಾಲು ಹೀಗಿತ್ತು: ಇರ್ಕ್ಕಣ್ಡುಗ ಕಳನಿ. ಎರಡು ಖಂಡುಗ ಬೀಜ ಬಿತ್ತುವಷ್ಟು ಗದ್ದೆಯ ದಾನ. ಖುಷಿಯಲ್ಲಿ ಇಬ್ಬರು ಸ್ನೇಹಿತರಿಗೆ ಕಳಿಸಿಯೂ ಬಿಟ್ಟೆ. ಅವರಲ್ಲೊಬ್ಬರು ಆ ಸೀಮೆಯ ಕೆರೆ-ಗದ್ದೆಗಳ ಮೇಲೆ ಲೇಖನ ಬರೀತಿದ್ದವರು, ಎರಡು ಖಂಡುಗ ಅಂತ ಸೇರಿಸಿಕೊಂಡರು.

ಮಾರನೆಯ ದಿನ ಕಳನಿ ಎಂಬ ಪದ ಚುಚ್ಚತೊಡಗಿತು. ಅದು ಕೞನಿ ಆಗಬೇಕಲ್ಲ. ಶಾಸನದಲ್ಲಿ ೞ ಇದೆಯೋ, ಅದು ಳ ಆಗಿಬಿಟ್ಟಿದೆಯೋ ಅನ್ನೋದು ಕಾಲನಿರ್ಣಯಕ್ಕೆ ಒಂದು ಸುಳಿವು. ಆಗ ನೆನಪಾದದ್ದು ಪಕ್ಕಕ್ಕಿಟ್ಟ ವರ್ಡ್‌ಸ್ಟಾರ್ ಟಿಪ್ಪಣಿ. ಅವರು ನುಡಿಯಲ್ಲೂ ಅದೇ ರೂಢಿ ಮುಂದುವರಿಸಿ ಳ ಬರೆದು ದಪ್ಪ ಮಾಡಿದ್ದರೆ? ನಾನು ಹೆಕ್ಕಿದ್ದು ಬರೀ ಅಕ್ಷರ. ದಪ್ಪವೂ ಅಡಿಗೆರೆಯೂ ಬಂದೇ ಇರಲಿಲ್ಲ. ಯಾವುದು ಕಲ್ಲಿನದು, ಯಾವುದು ಓದಿದವರ ಊಹೆ ಎಂಬ ಗುರುತೆಲ್ಲ ಅಳಿಸಿದ ಪಾಠ ಅದು.

ವರ್ಡ್‌ಸ್ಟಾರಿನಲ್ಲಿ ಅಡಿಗೆರೆಯ ಗುರುತು ಪಠ್ಯದ ನಡುವೆಯೇ ಇರುತ್ತೆ. ವರ್ಡ್‌ನಲ್ಲಿ ಹಾಗಲ್ಲ. ಪಠ್ಯ ಒಂದು ಕಡೆ, ಈ ಬೈಟಿನಿಂದ ಆ ಬೈಟಿನವರೆಗೆ ಅಡಿಗೆರೆ ಎಂಬ ಲೆಕ್ಕ ಬೇರೆ ಕಡೆ, 512 ಬೈಟಿನ ಪುಟಗಳಲ್ಲಿ. ಪ್ರತಿ ಪುಟದ ಕೊನೆಯ ಬೈಟು ಅದರಲ್ಲಿ ಎಷ್ಟು ನಮೂದು ಇದೆ ಅನ್ನತ್ತೆ. ಸೂಚಿ ಹಾಳಾಗಿದ್ದರೂ ಈ ಪುಟಗಳು ಕ್ಷೇಮವಾಗಿದ್ದವು. ಹುಡುಕೋಕೆ ಪಠ್ಯದ ಆರಂಭ ಬೇಕು. ಅದಕ್ಕೆ 512ರ ಗಡಿಯಲ್ಲಿ 236, 165 ಎಂಬ ಜೋಡಿ ಬೈಟು ಎಲ್ಲಿದೆ ನೋಡಿದೆ, ವರ್ಡ್ ಪಠ್ಯದ ತಲೆಭಾಗ ಹಾಗೆ ಶುರುವಾಗತ್ತೆ. ಸಿಕ್ಕಿತು. ಆ ತಲೆಭಾಗದಲ್ಲಿ ಹತ್ತು ಬೈಟು ದಾಟಿದ ಮೇಲೆ ಬರುವ ಬೈಟಿನ ಬೆಲೆ 52. ಇದನ್ನು ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

52 ಅಂದರೆ 48 ಮತ್ತು 4. ಆ 4ರ ಅರ್ಥ, ಇದು ಅವಸರದಲ್ಲಿ ಉಳಿಸಿದ ಫೈಲು. 48 ಅಂದರೆ 16ರ ಮೂರು ಪಟ್ಟು, ಹಾಗೆ ಮೂರು ಸಲ ಉಳಿಸಿದ್ದಾರೆ. ಹಳೆಯ ವರ್ಡ್‌ನಲ್ಲಿ ಫಾಸ್ಟ್ ಸೇವ್ ಎಂಬ ಸೌಲಭ್ಯ ಇತ್ತು. ಯಂತ್ರ ನಿಧಾನ, ಫ್ಲಾಪಿ ಇನ್ನೂ ನಿಧಾನ. ಹಾಗಾಗಿ ತಿದ್ದಿದಾಗ ಇಡೀ ಪಠ್ಯವನ್ನು ಹೊಸದಾಗಿ ಬರೆಯದೆ, ತಿದ್ದಿದ ಭಾಗವನ್ನಷ್ಟೇ ಪಠ್ಯದ ಕೊನೆಗೆ ಅಂಟಿಸಿ, ಯಾವ ತುಂಡಿನ ನಂತರ ಯಾವ ತುಂಡು ಓದಬೇಕು ಎಂಬ ಪಟ್ಟಿಯನ್ನು ಬದಲಿಸುತ್ತಿತ್ತು. ಅಳಿಸಿದ ಪಠ್ಯ ಅಳಿಯುವುದಿಲ್ಲ. ಪಟ್ಟಿಯಲ್ಲಿ ಅದರ ಹೆಸರಿರಲ್ಲ, ಅಷ್ಟೆ. ಹಳೆಯ ಬರಹದ ಮೇಲೆ ಹೊಸದು ಕೆತ್ತಿದ ತಾಮ್ರಪಟ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗತ್ತೆ. ನಾನು ಹೆಕ್ಕಿ ತಂದಿದ್ದು ತಿದ್ದುವ ಮುಂಚಿನ ಪಾಠ.

ಪಟ್ಟಿಯನ್ನು ಹುಡುಕುವುದೂ ಸಾಧ್ಯ. ಅದು 2 ಎಂಬ ಬೈಟಿನಿಂದ ಶುರುವಾಗಿ, ಮುಂದಿನ ನಾಲ್ಕು ಬೈಟಿನಲ್ಲಿ ಪಟ್ಟಿಯ ಉದ್ದ ಇರುತ್ತೆ. ಒಂದೊಂದು ತುಂಡಿಗೆ 12 ಬೈಟು, ಕೊನೆಗೆ 4 ಹೆಚ್ಚು. ಆದ್ದರಿಂದ ಉದ್ದ ಯಾವಾಗಲೂ 12ರ ಗುಣಕಕ್ಕೆ 4 ಕೂಡಿಸಿದ್ದೇ ಆಗಿರಬೇಕು. ಈ ಲಕ್ಷಣ ಹಿಡಿದು ಹುಡುಕಿದಾಗ ಒಂದೇ ಜಾಗ ಸಿಕ್ಕಿತು, ಉದ್ದ 136. ಹನ್ನೊಂದು ತುಂಡು. ಪ್ರತಿ ತುಂಡಿನ ಜೊತೆ ಅದು ಎಲ್ಲಿದೆ, ಅಕ್ಷರಕ್ಕೆ ಒಂದು ಬೈಟೋ ಎರಡೋ ಎಂಬ ಮಾಹಿತಿ ಇರುತ್ತೆ. ಒಂದು ಬೈಟಿನದಾದರೆ ಅಲ್ಲಿ ಕೊಟ್ಟ ವಿಳಾಸವನ್ನು ಎರಡರಿಂದ ಭಾಗಿಸಬೇಕು. ಇದನ್ನು ಮರೆತು ನಾನು ಒಂದು ಸಂಜೆ ಪೂರ್ತಿ ಹಾಳು ಮಾಡಿದೆ.

ಏಳನೆಯ ಸಾಲಿಗೆ ಬಂದರೆ, ಆರನೆಯ ತುಂಡು ಅದರ ಹಿಂದಿನ ಪದಕ್ಕೆ ನಿಲ್ಲತ್ತೆ. ಏಳನೆಯ ತುಂಡು ಪಠ್ಯದ ಬಾಲಕ್ಕೆ ಹಾರತ್ತೆ. ಅಲ್ಲಿರೋದು ಎರಡೇ ಚುಕ್ಕಿ. ಎಂಟನೆಯ ತುಂಡು ಮತ್ತೆ ಹಿಂದಕ್ಕೆ ಬಂದು, ಒಂದು ಬೈಟನ್ನು ದಾಟಿ ಮುಂದುವರಿಯತ್ತೆ. ದಾಟಿದ ಆ ಬೈಟು 69, ನುಡಿಯಲ್ಲಿ ಇ. ಅಂದರೆ ಅವರು ಮೊದಲು ಇರ್ಕ್ಕಣ್ಡುಗ ಅಂತ ಓದಿ, ಆಮೇಲೆ ಇ ತೆಗೆದು ಚುಕ್ಕಿ ಇಟ್ಟಿದ್ದಾರೆ. ಆ ಎರಡು ಚುಕ್ಕಿ ನನಗೆ ಮೊದಲು ಕಾಣದೇ ಇದ್ದದ್ದಕ್ಕೆ ಕಾರಣ, ನಾಲ್ಕು ಅಕ್ಷರಕ್ಕಿಂತ ಕಮ್ಮಿ ಇದ್ದರೆ ಕಸ ಅಂತ ನಾನೇ ಹೇಳಿಕೊಟ್ಟಿದ್ದೆ.

ಒಂಬತ್ತನೆಯ ತುಂಡು ಅವರ ಟಿಪ್ಪಣಿ. ಸಂಜೆಯ ಓರೆ ಬೆಳಕಿನಲ್ಲಿ ಎರಡನೆಯ ಸಲ ನೋಡಿದೆ, ಮೊದಲ ಅಕ್ಷರದ ಜಾಗದಲ್ಲಿ ಚಕ್ಕೆ ಎದ್ದಿದೆ, ಹಿಂದೆ ಅಕ್ಷರ ಅಂದುಕೊಂಡದ್ದು ಕಲ್ಲಿನ ಬಿರುಕು ಎಂಬರ್ಥದ ಮಾತು. ಈ ಟಿಪ್ಪಣಿ ಮೊದಲ ದಿನವೇ ಹೆಕ್ಕಿದ ರಾಶಿಯಲ್ಲಿ ಬಂದಿತ್ತು. ಆದರೆ ಎಲ್ಲೋ ಕೊನೆಯಲ್ಲಿ ಬಿದ್ದಿದ್ದರಿಂದ ಯಾವ ಸಾಲಿಗೆ ಸೇರಿದ್ದು ಅಂತ ನಾನು ಯೋಚಿಸಿರಲಿಲ್ಲ. ಪಟ್ಟಿಯ ಪ್ರಕಾರ ಜೋಡಿಸಿದಾಗ ಏಳನೆಯ ಸಾಲಿನ ಕೆಳಗೇ ಬಂದು ಕೂತಿತು.

ಆಮೇಲೆ ದಪ್ಪ ಮತ್ತು ಅಡಿಗೆರೆಯ ಲೆಕ್ಕ. ಊಹಿಸಿದ ಹಾಗೆ ಳ ದಪ್ಪವಾಗಿತ್ತು, ಕೞನಿಯೇ. ಯೂನಿಕೋಡಿನಲ್ಲಿ ಈ ೞಕಾರಕ್ಕೆ ಜಾಗವಿದೆ, ಆದರೆ ಅದರ ಅಧಿಕೃತ ಹೆಸರಿನಲ್ಲಿ "ಫ" ಎಂದು ತಪ್ಪಾಗಿ ನಮೂದಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರೋದರಿಂದ ಇವತ್ತಿಗೂ ಹಾಗೇ ಇದೆ, ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ನೀವು ಪರಿವರ್ತಕ ಬರೆಯುವುದಾದರೆ ಹೆಸರು ನೋಡಿ ಗಾಬರಿಯಾಗಬೇಡಿ, 0ಸಿಡಿಇ ಎಂಬ ಸ್ಥಾನವೇ ೞ.

ಅಡಿಗೆರೆ ಇದ್ದದ್ದು ರ್ಕ್ಕ ಎಂಬಲ್ಲಿ, ಅದೂ ಇಡೀ ಅಕ್ಷರದ ಕೆಳಗಲ್ಲ, ಬರೀ ಒತ್ತಿನ ಕೆಳಗೆ. ಹಳೆಯ ಫಾಂಟಿನಲ್ಲಿ ಒತ್ತು ಬೇರೆಯೇ ಸಂಕೇತವಾದ್ದರಿಂದ ಅದೊಂದಕ್ಕೇ ಗೆರೆ ಎಳೆಯಬಹುದಿತ್ತು. ದ್ವಿತ್ವ ನಿಜವಾಗಿ ಕೆತ್ತಿದೆಯೋ ಇಲ್ಲವೋ ಎಂಬ ಅನುಮಾನವನ್ನು ಅವರು ಅಷ್ಟು ಸೂಕ್ಷ್ಮವಾಗಿ ಗುರುತಿಸಿದ್ದರು. ಇವತ್ತಿನ ಯೂನಿಕೋಡ್ ಪಠ್ಯದಲ್ಲಿ ಒತ್ತಿಗೆ ಮಾತ್ರ ಗೆರೆ ಎಳೆಯಲು ಹೋದರೆ ಅಕ್ಷರವೇ ಒಡೆದುಹೋಗತ್ತೆ. ಈ ಒಂದು ವಿಷಯದಲ್ಲಿ ಹಳೆಯ ಪದ್ಧತಿ ನಮ್ಮದಕ್ಕಿಂತ ಮೇಲು ಅಂತ ಒಪ್ಪಿಕೊಳ್ಳಲೇಬೇಕು. ನಾನು ಅಡಿಟಿಪ್ಪಣಿ ಹಾಕಿ ಹೇಳಿದ್ದೇನೆ.

ಲೇಖನ ಬರೀತಿದ್ದ ಸ್ನೇಹಿತರಿಗೆ ಫೋನ್ ಮಾಡಿ, ಎರಡು ಖಂಡುಗ ತೆಗೀರಿ, ಎಷ್ಟು ಖಂಡುಗವೋ ಕಲ್ಲು ಹೇಳಲ್ಲ, ಅಂದೆ. "ರ್ಕ್ಕ ಇದೆಯಲ್ಲ, ಇರ್ಕ್ಕಣ್ಡುಗವೇ ಇರಬೇಕು" ಅಂದರು. ಇರಬಹುದು. ಆದರೆ ಅದು ನಮ್ಮ ಊಹೆ, ಕಲ್ಲನ್ನು ಕಣ್ಣಾರೆ ನೋಡಿದ ವ್ಯಕ್ತಿ ಆ ಅಕ್ಷರವನ್ನು ವಾಪಸು ತಗೊಂಡಿದ್ದಾರೆ. ಕೊನೆಗೆ ಅವರು ಚೌಕ ಕಂಸದಲ್ಲಿ ಇ ಹಾಕಿ, ಪಕ್ಕದಲ್ಲಿ ಪ್ರಶ್ನಾರ್ಥಕ ಇಟ್ಟರು.

ಫ್ಲಾಪಿಗಳನ್ನು ಅದೇ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮಗಳಿಗೆ ವಾಪಸು ಕೊಟ್ಟೆ. ಬಿಂಬಗಳ ಎರಡು ಪ್ರತಿ ಬೇರೆ ಬೇರೆ ಡಿಸ್ಕಿನಲ್ಲಿವೆ, ಹೆಕ್ಕಿ ತಂದ ಪಾಠದ ಜೊತೆ ಆ ವರ್ಡ್‌ಸ್ಟಾರ್ ಟಿಪ್ಪಣಿಯನ್ನೂ ಇಟ್ಟಿದ್ದೇನೆ. ಇನ್ನು ಮೂರು ಫ್ಲಾಪಿಯಲ್ಲಿ ಪೇಜ್‌ಮೇಕರ್ ಫೈಲುಗಳಿವೆ, ಅವರು ಪುಸ್ತಕ ಮಾಡಲು ಹೊರಟಿದ್ದರು ಅಂತ ಕಾಣತ್ತೆ. ಅದರ ಕೆಲಸ ಈಗಷ್ಟೇ ಶುರುವಾಗಿದೆ.